ಕಟ್ಟದೆ ಎತ್ತಿದ ಹೊರೆ

ಸೀತಾಲಕ್ಷ್ಮಿ ಹೋದ ಭಾನುವಾರ ಸಂಜೆ ಉತ್ತರಹಳ್ಳಿಯಲ್ಲಿ ತೀರಿಕೊಂಡಳು. ಗಣೇಶನ ಮೆರವಣಿಗೆ ಹೊರಡುವ ಮುಂಚೆ ಬೀದಿಯಲ್ಲೇ ಕುಸಿದಳು. ಆಸ್ಪತ್ರೆ ತಲುಪುವ ಹೊತ್ತಿಗೆ ಉಸಿರಿರಲಿಲ್ಲ. ಹೃದಯಾಘಾತ ಎಂದು ಬರೆದುಕೊಟ್ಟರು. ನಾನು ಜೊತೆಯಲ್ಲಿದ್ದೆ.

ಪೇಪರಿನಲ್ಲಿ ಬಂದ ಸಣ್ಣ ಪ್ರಕಟಣೆಯಲ್ಲಿ ‘ಗೃಹಿಣಿ’ ಎಂದಿದೆ. ಅವಳ ಮೈದುನ ಹಾಕಿಸಿದ್ದು. ಮಕ್ಕಳಿರಲಿಲ್ಲವಾದ್ದರಿಂದ ಅದು ಸರಿಯಲ್ಲ ಎಂದು ಹೇಳುವವರೂ ಇಲ್ಲ. ಸೀತಾಲಕ್ಷ್ಮಿ ಗೋಡೌನುಗಳಲ್ಲಿ ಭಾರ ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಗಾಡಿಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಜಯನಗರ ಏಳನೇ ಬ್ಲಾಕಿನಲ್ಲಿ ನಮ್ಮ ಮನೆಯ ಸಾಲಿನಲ್ಲೇ ಅವಳ ಮನೆ. ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತಳಾದವಳು. ಬೆಳಗಿನ ವಾಕಿಂಗ್‌ಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಪಾರ್ಕಿನಲ್ಲಿ ಉಳಿದ ಹೆಂಗಸರು ಮಂಡಿನೋವಿನ ಮಾತಾಡುವಾಗ ಇವಳ ಫೋನಿಗೆ ಗೋಡೌನುಗಳಿಂದ ಕರೆ ಬರುತ್ತಿತ್ತು.

ಆ ವ್ಯಾಪಾರ ಶುರು ಮಾಡಿದ್ದು ಅವಳ ಗಂಡ ತಿರುಮಲೇಶ. ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವರು, ಅವಧಿಗೆ ಮೊದಲೇ ಕೆಲಸ ಬಿಟ್ಟು ಎರಡು ಹಳೆಯ ಡೀಸೆಲ್ ಗಾಡಿ ಕೊಂಡರು. ಉತ್ತರಹಳ್ಳಿಯಲ್ಲಿ ಒಂದು ಷೆಡ್ಡು ಬಾಡಿಗೆಗೆ ಹಿಡಿದರು. ಷೆಡ್ಡಿನ ಜಾಗ ಬೈರಣ್ಣನವರದು. ಅವರ ಅಪ್ಪನ ಕಾಲದಲ್ಲಿ ಅದು ರಾಗಿ ಹೊಲ. ಬೈರಣ್ಣನವರಿಗೆ ಮೂರು ಮನೆಗಳ ಬಾಡಿಗೆ ಬರುತ್ತಿತ್ತು, ದುಡಿಯಲೇಬೇಕೆಂದೇನೂ ಇರಲಿಲ್ಲ. ಆದರೆ ದಿನವೂ ಬಂದು ಗಾಡಿಯ ಸುತ್ತ ತಿರುಗುತ್ತಿದ್ದರಂತೆ. ಒಂದು ದಿನ ಸೀಟಿನ ಮೇಲೆ ಹತ್ತಿ ಕೂತೇಬಿಟ್ಟರು. ತಿರುಮಲೇಶ ಬೇಡ ಎಂದರೆ, “ಏನ್ ಸಾರ್, ನನ್ ಹೊಲ ನಾನ್ ಉಳ್ದೆ ಇನ್ಯಾರ್ ಉಳ್ತಾರೆ?” ಎಂದರಂತೆ. ಲೈಸೆನ್ಸು ತೆಗೆದು ಬಾಡಿಗೆದಾರನ ಬಳಿಯೇ ಡ್ರೈವರಾದ ಮಾಲೀಕರು ಬೇರೆ ಎಲ್ಲೂ ಇರಲಾರರು.

ಕೊರೋನಾಕ್ಕೆ ಮುಂಚೆಯೇ ತಿರುಮಲೇಶ ಹೋದರು. ಎಲ್ಲವನ್ನೂ ಮಾರಿಬಿಡಿ ಎಂದು ಮೈದುನ ಹೇಳಿದ. ಕಾರ್ಯಗಳೆಲ್ಲ ಮುಗಿದ ಮೇಲೆ ಬೈರಣ್ಣ ಮನೆಗೆ ಬಂದು ಷೆಡ್ಡಿನ ಬೀಗದ ಕೈಯನ್ನು ಅವಳಿಗೆ ಕೊಟ್ಟರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತಿದ್ದರು.

“ಗಾಡಿ ನಿಲ್ಲಿಸ್ಬಾರ್ದು ಅಮ್ಮಾವ್ರೆ. ನಿಂತ್ರೆ ಆಯಿಲ್ ಸೀಲ್ ಒಣಗಿ ಸೋರಕ್ ಶುರುವಾಗುತ್ತೆ. ನಾಳೆ ಷೆಡ್ಡಿಗೆ ಬನ್ನಿ.”

“ನಾನ್ ಬಂದು ಏನ್ ಮಾಡ್ಲಿ ಬೈರಣ್ಣ?”

“ಕುಕ್ಕರ್ ಗ್ಯಾಸ್ಕೆಟ್ ಬದಲಾಯಿಸ್ತೀರಲ್ವಾ? ಅಷ್ಟು ಬಂದ್ರೆ ಸಾಕು.”

ಅವಳು ಹೋದಳು. ಮತ್ತೆ ಯಾವತ್ತೂ ಮನೆಯಲ್ಲಿ ಕೂರಲಿಲ್ಲ.

ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದಳು. ನನಗೆ ಎಲ್ಲ ಗಾಡಿಯೂ ಒಂದೇ. ಅವಳು ಒಂದೊಂದರ ಮುಂದೆ ನಿಲ್ಲಿಸಿ, ನೆಂಟರನ್ನು ಪರಿಚಯ ಮಾಡಿಸುವ ಹಾಗೆ ಹೇಳಿದಳು. ಇದು ಡೀಸೆಲ್ಲಿನದು, ಬೆನ್ನ ಹಿಂದೆ ಕಬ್ಬಿಣದ ಭಾರ ಹೊತ್ತಿರುತ್ತದೆ, ಅದಿಲ್ಲದಿದ್ದರೆ ಮುಂದಿನ ಹೊರೆಗೆ ಮುಗ್ಗರಿಸುತ್ತದೆ. ಇದು ಬ್ಯಾಟರಿಯದು, ಮೂರು ಚಕ್ರ, ನಿಂತಲ್ಲೇ ತಿರುಗುತ್ತದೆ, ಔಷಧಿ ಗೋಡೌನಿನವರು ಹೊಗೆ ಬೇಡ ಎಂದರೆ ಇದನ್ನೇ ಕಳಿಸಬೇಕು. ಆ ಉದ್ದನೆಯದು ರೀಚ್ ಟ್ರಕ್, ಇಕ್ಕಟ್ಟಾದ ಸಾಲುಗಳಲ್ಲಿ ತೋಳು ಚಾಚಿ ಮೇಲಿನ ಅಟ್ಟದಿಂದ ಇಳಿಸುತ್ತದೆ. ಗೋಡೆಯ ಉದ್ದಕ್ಕೂ ಗಾಡಿಯ ಮುಂದೆ ಸಿಕ್ಕಿಸುವ ಅಟ್ಯಾಚ್‌ಮೆಂಟುಗಳು. ಅವುಗಳಿಗೆ ಅವಳು ‘ಕೈ’ ಅನ್ನುತ್ತಿದ್ದಳು. ಕಾಗದದ ಭಾರಿ ಸುರುಳಿಯನ್ನು ಎರಡು ಕಡೆಯಿಂದ ಅಂಗೈಯಲ್ಲಿ ಹಿಡಿದಂತೆ ಹಿಡಿಯುವುದು ಒಂದು. ಡ್ರಮ್ಮಿನ ಅಂಚನ್ನು ಇಕ್ಕಳದ ಹಾಗೆ ಕಚ್ಚುವುದು ಇನ್ನೊಂದು. ಜಮಖಾನದ ಸುರುಳಿಯೊಳಗೆ ತೂರಿಸುವ ಒನಕೆಯಂಥದು ಮತ್ತೊಂದು. ಮನುಷ್ಯರು ನಿಂತು ಮೇಲೆ ಹೋಗುವ ಕಟಕಟೆಯ ಬುಟ್ಟಿ ಮೂಲೆಯಲ್ಲಿತ್ತು.

“ಗಾಡಿ ಯಾವ್ದಾದ್ರೂ ಎತ್ತುತ್ತೆ ಕಣೇ ಮೈತ್ರೇಯಿ. ಸರಿಯಾದ ಕೈ ಹಾಕ್ಬೇಕು ಅಷ್ಟೆ” ಎಂದಳು.

ಫೋನಿನಲ್ಲಿ ಅವಳು ಗಿರಾಕಿಗಳ ಜೊತೆ ಮಾತಾಡುವುದನ್ನು ಕೇಳುವುದೇ ಒಂದು ಸೊಗಸು. ಬಿಟಿಎಂ ಲೇಔಟಿನಿಂದ ಯಾರೋ ಒಬ್ಬರು ಹೊಸಬರು.

“ಒಂದು ಫೋರ್ಕ್‌ಲಿಫ್ಟ್ ಬೇಕಿತ್ತು ಮೇಡಂ.”

“ಏನ್ ಎತ್ತಕ್ಕೆ?”

“ಸಾಮಾನು.”

“ಸಾಮಾನು ಅಂದ್ರೆ ಗುಂಡಗಿದೆಯೋ ಚೌಕ ಇದೆಯೋ? ಅಡೀಲಿ ತೂರಿಸಕ್ಕೆ ಸಂದಿ ಇದೆಯಾ?”

“ಸಾರ್ ಇಲ್ವಾ ಮೇಡಂ? ಸಾರ್‌ಗೆ ಕೊಡಿ.”

“ಸಾರ್ ಫೋಟೋದಲ್ಲಿದಾರೆ. ಗುಂಡಗಿದೆಯೋ ಚೌಕ ಇದೆಯೋ ಹೇಳಿ.”

ಇದನ್ನೆಲ್ಲ ಅವಳಿಗೆ ಕಲಿಸಿದ್ದು ಬೈರಣ್ಣ. ಹೊಸ ಡ್ರೈವರುಗಳಿಗೆ ಅವರು ಹೇಳುತ್ತಿದ್ದ ಮಾತುಗಳು ಅವಳ ಬಾಯಲ್ಲೂ ಬರುತ್ತಿದ್ದವು. ಅಲ್ಲಾಡುವ ಹೊರೆಯನ್ನು ಬೆಲ್ಟಿನಿಂದ ಕಟ್ಟದೆ ಎತ್ತಬಾರದು. ಎತ್ತಿದ್ದನ್ನು ಸ್ವಲ್ಪ ಹಿಂದಕ್ಕೆ ವಾಲಿಸಿಕೊಂಡು, ನೆಲದ ಹತ್ತಿರವೇ ಇಟ್ಟುಕೊಂಡು ಹೋಗಬೇಕು. ಎಲ್ಲಕ್ಕಿಂತ ಮುಖ್ಯ, ಬೀಳುವ ಹೊರೆಗೆ ಯಾವತ್ತೂ ಕೈ ಕೊಡಬಾರದು. ಬನಶಂಕರಿಯ ಒಂದು ಗೋಡೌನಿನಲ್ಲಿ ಎಣ್ಣೆಯ ಡ್ರಮ್ಮು ಉರುಳಿದಾಗ ಸುತ್ತಲಿದ್ದವರು ಕೂಗಾಡುತ್ತಿದ್ದರೂ ಬೈರಣ್ಣ ಸೀಟಿನಲ್ಲಿ ಕೈಕಟ್ಟಿಕೊಂಡು ಕೂತಿದ್ದರು. ಗೋಡೌನಿನವನು ಬೈದರೆ, “ಎಣ್ಣೆ ಅಂಗಡೀಲಿ ಸಿಗುತ್ತೆ ಸ್ವಾಮಿ, ಸೊಂಟ ಸಿಗಲ್ಲ” ಎಂದಿದ್ದರು. ಈ ಕಥೆಯನ್ನು ಸೀತಾಲಕ್ಷ್ಮಿ ಎಷ್ಟೋ ಸಲ ನಗುತ್ತಾ ಹೇಳಿದ್ದಳು. ಆಮೇಲೆ ಅದನ್ನು ಹೇಳಲಿಲ್ಲ.

ಕೊರೋನಾ ಮುಗಿದ ಮೇಲೆ ಬಂದ ಮೊದಲ ದೊಡ್ಡ ಗಣೇಶನ ಹಬ್ಬ. ಬೈರಣ್ಣನವರ ಬೀದಿಯ ಹುಡುಗರ ಸಂಘದವರು ಎರಡು ವರ್ಷದ ಆಸೆಯನ್ನೆಲ್ಲ ಸೇರಿಸಿ ಭಾರಿ ಮೂರ್ತಿ ತಂದಿದ್ದರು. ಮುಂಚಿನ ಹಾಗೆ ಒಳಗೆ ಪೊಳ್ಳಾದ ಪ್ಲಾಸ್ಟರಿನದಲ್ಲ, ಪೂರ್ತಿ ಜೇಡಿಮಣ್ಣಿನದು. ಕೂರಿಸುವಾಗಲೇ ಸೋತುಹೋಗಿದ್ದರು. ವಿಸರ್ಜನೆಯ ದಿನ ಪೆಂಡಾಲಿನಿಂದ ಬೀದಿಯ ತುದಿಯಲ್ಲಿದ್ದ ಲಾರಿಯವರೆಗೆ ಸಾಗಿಸಲು ಗಾಡಿ ಬೇಕೆಂದು ಸಂಘದ ದೀಪಕ್ ಬಂದು ಕೇಳಿದ. ಬೇಡ ಎನ್ನುವ ಮಾತೇ ಇರಲಿಲ್ಲ. ದೇವರ ಕೆಲಸ, ಬೈರಣ್ಣನವರ ಸ್ವಂತ ಬೀದಿ.

ಆ ಸಂಜೆ ನಾನು ಅವಳ ಮನೆಯಲ್ಲಿದ್ದೆ. ಗಂಡ ಹೋದ ಮೇಲೆ ಗೌರಿ ಕೂರಿಸುವುದು ನಿಂತಿತ್ತು, ಗಣೇಶನಿಗೆ ಮಾತ್ರ ಕಡುಬು ಮಾಡುತ್ತಿದ್ದಳು. ಅಂದೂ ಮಾಡಿದ್ದಳು. ತಿನ್ನುತ್ತಿರುವಾಗ ಬೈರಣ್ಣನವರ ಫೋನು. ಕೈಗೆ ತುಪ್ಪ ಮೆತ್ತಿದ್ದರಿಂದ ಸ್ಪೀಕರ್ ಹಾಕಿದಳು. ಹಿಂದೆ ತಮಟೆಯ ಸದ್ದು.

“ಅಮ್ಮಾವ್ರೆ, ಬೆಲ್ಟ್ ಹಾಕ್ಬೇಡ ಅಂತಾವ್ರೆ.”

“ಯಾಕಂತೆ?”

“ದೇವ್ರಿಗೆ ಹಗ್ಗ ಕಟ್ಟೋದಾ ಅಂತ ಹಿರೀಕ್ರು ಜಗ್ಳಕ್ ಬರ್ತಾವ್ರೆ. ಬಣ್ಣನೂ ಕಿತ್ತೋಗುತ್ತೆ ಅಂತ ದೀಪಕ್ಕು. ಹಿಂದಕ್ ವಾಲಿಸ್ಬೇಡಿ, ಸ್ವಾಮಿ ಮಲಗ್ದಂಗ್ ಕಾಣುತ್ತೆ ಅಂತ ಬೇರೆ. ಏನ್ ಮಾಡ್ಲಿ?”

ಸೀತಾಲಕ್ಷ್ಮಿ ದೇವರ ಮನೆಯ ಕಡೆ ನೋಡಿದಳು.

“ಬಿಡಿ ಬೈರಣ್ಣ. ಸ್ವಾಮಿ ಅಲ್ವಾ. ನಿಧಾನಕ್ಕೆ ಹೋಗಿ.”

“ಆಯ್ತಮ್ಮಾ” ಎಂದರು ಅವರು.

ಆಮೇಲಿನದನ್ನು ಬೀದಿಯವರು ಹೇಳಿದ್ದು. ಎಲ್ಲರಿಗೂ ಕಾಣಲಿ ಎಂದು ಮೂರ್ತಿಯನ್ನು ಎತ್ತರಕ್ಕೆ ಎತ್ತಿಸಿದರು. ಜೈಕಾರ ಹಾಕಿದರು. ಪೈಪಿಗೆಂದು ಅಗೆದು ಮಣ್ಣು ಮುಚ್ಚಿದ್ದ ಜಾಗದಲ್ಲಿ ಮುಂದಿನ ಚಕ್ರ ಇಳಿಯಿತು. ಮೂರ್ತಿ ಎಡಕ್ಕೆ ವಾಲಿತು. ಬೈರಣ್ಣ ಬ್ರೇಕ್ ಹಾಕಿ ಇಳಿಸಲು ನೋಡಿದರು, ವಾಲುವುದು ನಿಲ್ಲಲಿಲ್ಲ. ಹುಡುಗರು ಚದುರಿದರು. ಬೈರಣ್ಣ ಸೀಟಿನಲ್ಲೇ ಕೂತಿದ್ದರೆ ಏನೂ ಆಗುತ್ತಿರಲಿಲ್ಲ, ತಲೆಯ ಮೇಲೆ ಕಬ್ಬಿಣದ ಚೌಕಟ್ಟಿತ್ತು. ಅವರು ಹಾರಿ ಇಳಿದು, ಓಡಿ ಹೋಗಿ ಭುಜ ಕೊಟ್ಟರು.

ಬೆನ್ನುಮೂಳೆ ಮುರಿಯಿತು. ಸೊಂಟದ ಕೆಳಗೆ ಮತ್ತೆ ಜೀವ ಬರಲಿಲ್ಲ.

ಆಸ್ಪತ್ರೆಯಲ್ಲಿ ಮಾತಾಡುವಂತಾದ ಮೇಲೆ ನಾವಿಬ್ಬರೂ ನೋಡಲು ಹೋದೆವು. ಬೈರಣ್ಣನವರ ಹೆಂಡತಿ ಸೊಣ್ಣಮ್ಮ ಮಂಚದ ಕಾಲ ಬಳಿ ಕೂತಿದ್ದರು. ಸೀತಾಲಕ್ಷ್ಮಿ ಮಂಚದ ಹತ್ತಿರ ಹೋಗಿ, “ಯಾಕೆ ಇಳಿದ್ರಿ ಬೈರಣ್ಣ? ನೀವೇ ಎಲ್ರಿಗೂ ಹೇಳ್ಕೊಡೋರು” ಎಂದಳು.

ಅವರಿಗೆ ನಾಚಿಕೆಯಾದ ಹಾಗೆ ಕಂಡಿತು.

“ಡ್ರಮ್ಮಾಗಿದ್ರೆ ಬಿಡ್ತಿದ್ದೆ ಅಮ್ಮಾವ್ರೆ. ಸ್ವಾಮಿ ಅಲ್ವಾ.”

ತನ್ನ ಮಾತನ್ನೇ ಅವರ ಬಾಯಲ್ಲಿ ಕೇಳಿ ಸೀತಾಲಕ್ಷ್ಮಿ ಮಂಚದ ಕಂಬಿ ಹಿಡಿದುಕೊಂಡಳು. ಆಟೋದಲ್ಲಿ ಜಯನಗರಕ್ಕೆ ಬಂದು, ಮನೆಯ ಮುಂದೆ ಇಳಿದ ಮೇಲೆ, “ಒಂದು ಸಲ ಆದ್ರೂ ಅವ್ರನ್ನ ಮತ್ತೆ ಗಾಡಿ ಮೇಲೆ ಕೂರಿಸ್ಬೇಕು” ಎಂದಳು. ಮುಂದಿನ ದಿನಗಳಲ್ಲಿ ಅವಳು ಬೇಕೆಂದದ್ದು ಇದೊಂದನ್ನೇ.

ಸರಕ್ಕಿಯಲ್ಲಿ ಗುಂಡಣ್ಣ ಎಂಬ ಮೆಕ್ಯಾನಿಕ್ ಇದ್ದಾರೆ, ಅವಳ ಗಾಡಿಗಳನ್ನೆಲ್ಲ ನೋಡಿಕೊಳ್ಳುವವರು. ಅವರನ್ನು ಕರೆಸಿ ಆ ಮೂರು ಚಕ್ರದ ಬ್ಯಾಟರಿ ಗಾಡಿಯನ್ನು ತೋರಿಸಿದಳು. ಕಾಲಲ್ಲಿ ಒತ್ತುವ ಬ್ರೇಕನ್ನೂ ಆಕ್ಸಿಲರೇಟರನ್ನೂ ಕೈಗೆ ತರಬೇಕು ಎಂದಳು. ಗುಂಡಣ್ಣ ತಲೆ ಕೆರೆದುಕೊಂಡರು.

“ಗಾಡಿಗೆ ಬೇಕಾದ ಕೈ ಹಾಕ್ಬೋದು ಮೇಡಂ. ಡ್ರೈವರ್‌ಗೆ ಕಾಲು ಎಲ್ಲಿಂದ ತರ್ಲಿ?”

“ಅದಕ್ಕೇ ಹೇಳ್ತಿರೋದು. ಎಲ್ಲಾನೂ ಕೈಗೇ ಕೊಡಿ.”

“ಸೊಂಟ ನಿಲ್ಲಲ್ವಲ್ಲಾ ಅವರಿಗೆ. ತಿರುಗಿಸುವಾಗ ಜಾರ್ತಾರೆ.”

“ಸೀಟಿಗೆ ದೊಡ್ಡ ಬೆಲ್ಟ್ ಹಾಕ್ಸಿ. ಅವರನ್ನಾದ್ರೂ ಕಟ್ಟಿ ಕೂರಿಸ್ತೀನಿ.”

ತಿಂಗಳುಗಳು ಹಿಡಿದವು. ಒಂದು ಲಿವರು ಕೂರಿಸಿದರೆ ಇನ್ನೊಂದು ಸಿಕ್ಕಿಕೊಳ್ಳುತ್ತಿತ್ತು. ಸೀತಾಲಕ್ಷ್ಮಿ ತಾನೇ ಸೀಟಿನಲ್ಲಿ ಕೂತು, ಕಾಲು ಮಡಿಚಿಕೊಂಡು, ಷೆಡ್ಡಿನ ಅಂಗಳದಲ್ಲಿ ಓಡಿಸಿ ನೋಡುತ್ತಿದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸರಕು ಇಡುವ ಮರದ ಖಾಲಿ ಪ್ಯಾಲೆಟ್ಟನ್ನು ಎತ್ತಿ ಇಳಿಸಿ, ಮತ್ತೆ ಎತ್ತಿ ಇಳಿಸಿ. ನೋಡಿ ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಮನೆಯಲ್ಲಿ ಮಲಗಿದ್ದ ಬೈರಣ್ಣ ಮೊದಮೊದಲು ಒಪ್ಪಲಿಲ್ಲ. “ನನ್ನ ಹೆಂಗ್ ಮೇಲ್ ಹತ್ತಿಸ್ತೀರಾ? ಪ್ಯಾಲೆಟ್ ಮೇಲಿಟ್ಟಾ?” ಎಂದು ಕೇಳಿದರು. ಅವಳು, “ಬುಟ್ಟಿ ಇದೆಯಲ್ಲಾ, ಕಟಕಟೆ ಇರೋದು” ಎಂದಳು. ಇಬ್ಬರೂ ನಕ್ಕರು. ಸೊಣ್ಣಮ್ಮ ಎದ್ದು ಒಳಗೆ ಹೋದರು. ಆ ನಗು ಅವರಿಗೆ ಹಿಡಿಸಲಿಲ್ಲ ಎಂದು ನನಗೆ ಅನ್ನಿಸಿತು, ಸೀತಾಲಕ್ಷ್ಮಿಗೆ ಅದು ಕಾಣಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೈರಣ್ಣ, ಬ್ರೇಕಿನ ಲಿವರು ಬಲಗಡೆ ಇದೆಯೋ ಎಡಗಡೆಯೋ ಎಂದು ಕೇಳಿದರು. ಎಡಗಡೆ ಎಂದಾಗ, ಬಲಕ್ಕೆ ಹಾಕಿಸಿ, ಎತ್ತುವ ಲಿವರಿನ ಪಕ್ಕದಲ್ಲೇ ಇರಲಿ ಎಂದರು. ಅವಳು ಅಂದೇ ಗುಂಡಣ್ಣನಿಗೆ ಫೋನು ಮಾಡಿ ಎಲ್ಲ ಬಿಚ್ಚಿಸಿದಳು.

ಬಲಗಡೆಗೆ ಬದಲಾಯಿಸುವಷ್ಟರಲ್ಲಿ ಬೈರಣ್ಣನವರ ಬೆನ್ನಿನ ಹುಣ್ಣು ಕೀವಾಗಿತ್ತು. ಮಲಗಿದವರಿಗೆ ಬರುವ ಹುಣ್ಣು. ಸೊಣ್ಣಮ್ಮ ಹಗಲು ರಾತ್ರಿ ಮಗ್ಗುಲು ಬದಲಾಯಿಸಿ, ಒರೆಸಿ, ಪುಡಿ ಹಾಕಿ ಕಾಪಾಡಿದ್ದರು. ಆದರೂ ಬಂತು. ಕೂರಿಸುವುದು ಸಾಧ್ಯವೇ ಇಲ್ಲ ಎಂದು ಡಾಕ್ಟರು ಹೇಳಿದರು. ಹುಣ್ಣು ಮಾಯಲಿ, ಆಮೇಲೆ ನೋಡೋಣ ಎಂದರು. ಸೀತಾಲಕ್ಷ್ಮಿ ಆ ‘ಆಮೇಲೆ’ಯನ್ನು ನಂಬಿಕೊಂಡು ಗಾಡಿಗೆ ಹೊಸ ಬಣ್ಣ ಹೊಡೆಸಿದಳು. ಹೋದ ವರ್ಷ ಆಷಾಢದಲ್ಲಿ ನಂಜು ರಕ್ತಕ್ಕೆ ಏರಿತು. ಬೈರಣ್ಣ ಹೋದರು. ಬದಲಾಯಿಸಿದ ಮೇಲೆ ಆ ಗಾಡಿಯನ್ನು ಅವರು ಕಣ್ಣಿನಿಂದಲೂ ನೋಡಲಿಲ್ಲ. ಷೆಡ್ಡು ಅವರ ಮನೆಯ ಹಿಂದಿನ ಬೀದಿಯಲ್ಲೇ ಇತ್ತು.

ಮಣ್ಣಿಗೆ ಹೋಗಿ ಬಂದ ಮೇಲೆ ಸೊಣ್ಣಮ್ಮ ಅಂಗಳದಲ್ಲಿ ಕೂತಿದ್ದರು. ಅಳುತ್ತಿರಲಿಲ್ಲ. ಸೀತಾಲಕ್ಷ್ಮಿ ಹತ್ತಿರ ಹೋಗಿ ಕೈ ಹಿಡಿಯಲು ಬಗ್ಗಿದಳು. ಸೊಣ್ಣಮ್ಮ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಕೊಡಲೂ ಇಲ್ಲ.

“ನೀವು ಬ್ಯಾಡ ಅಂದಿದ್ರೆ ಎತ್ತುತಿರ್ಲಿಲ್ಲ ಅಮ್ಮಾ. ಬೀದಿಯೋರ್ ಮಾತು ಮೀರೋರು. ನಿಮ್ ಮಾತು ಮೀರ್ತಿರ್ಲಿಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದರು. ಆಮೇಲೆ ಅವಳೊಂದಿಗೆ ಮಾತಾಡಲಿಲ್ಲ.

ನಾನು ಅವಳಿಗೆ ಏನೇನೋ ಹೇಳಿದೆ. ಫೋನಿನಲ್ಲಿ ನೀನು ಬೇಡ ಎಂದಿದ್ದರೂ ಅಲ್ಲಿದ್ದವರು ಕೇಳುತ್ತಿದ್ದರೇ, ರಸ್ತೆ ಅಗೆದು ಹಾಗೇ ಮುಚ್ಚಿದವರದು ತಪ್ಪಲ್ಲವೇ, ಇಂಥ ಮಾತುಗಳು. ಓದಿದ್ದೆಲ್ಲ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ. ಅವಳು ಕೇಳಿಸಿಕೊಂಡು, “ಅವರು ನನ್ನ ಕೇಳಿದ್ರು ಮೈತ್ರೇಯಿ. ಏನ್ ಮಾಡ್ಲಿ ಅಂತ ಕೇಳಿದ್ರು” ಎಂದಳು.

ಆ ಗಾಡಿಯನ್ನು ಬಾಡಿಗೆಗೆ ಕಳಿಸಲಿಲ್ಲ, ಮಾರಲೂ ಇಲ್ಲ. ವಾರಕ್ಕೊಮ್ಮೆ ಹೋಗಿ ಚಾರ್ಜಿಗೆ ಹಾಕಿ ಬರುತ್ತಿದ್ದಳು. ನಿಂತರೆ ಸೀಲು ಒಣಗುತ್ತದೆ ಎಂದು ಫೋರ್ಕುಗಳನ್ನು ಮೇಲೆತ್ತಿ ಇಳಿಸುತ್ತಿದ್ದಳು. ಊಟ ಕಮ್ಮಿಯಾಯಿತು. ವಾಕಿಂಗ್ ನಿಂತಿತು. ಮನೆಗೆ ಗಣೇಶನನ್ನು ತರುವುದು ಅಪಘಾತದ ಮರುವರ್ಷವೇ ನಿಂತಿತ್ತು. ಎದೆ ಹಿಡಿದಂತಾಗುತ್ತದೆ ಎಂದು ಒಮ್ಮೆ ಹೇಳಿದಳು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಹಬ್ಬ ಕಳೀಲಿ ಎಂದಳು. ಯಾವ ಹಬ್ಬ ಎಂದು ನಾನು ಕೇಳಲಿಲ್ಲ, ಅವಳು ಹಬ್ಬ ಮಾಡುತ್ತಿರಲಿಲ್ಲವಲ್ಲ.

ಉತ್ತರಹಳ್ಳಿಯ ಸಂಘದವರು ಅಪಘಾತವಾದ ಮೇಲೆ ಸಣ್ಣ ಮೂರ್ತಿ ಇಟ್ಟುಕೊಂಡಿದ್ದರು. ಈ ವರ್ಷ ಮತ್ತೆ ದೊಡ್ಡದು ತಂದರು. ದೀಪಕ್ ಜಯನಗರಕ್ಕೆ ಬಂದ. ಮದುವೆಯಾಗಿ, ಮೈ ಬಂದು, ಮುಖ ಬದಲಾಗಿದೆ. ತಲೆ ತಗ್ಗಿಸಿಕೊಂಡೇ ಕೇಳಿದ.

“ಗಾಡಿ ಬೇಕಿತ್ತು ಆಂಟಿ. ಬೇಜಾರ್ ಮಾಡ್ಕೋಬೇಡಿ.”

ಇವಳು ಬೈದು ಕಳಿಸುತ್ತಾಳೆ ಎಂದುಕೊಂಡೆ. “ಕೊಡ್ತೀನಿ. ಬೆಲ್ಟ್ ನಾನೇ ಬಂದು ಕಟ್ತೀನಿ. ಅದಕ್ಕೆ ಒಪ್ಪಿದ್ರೆ ಮಾತ್ರ” ಎಂದಳು.

“ದೊಡ್ಡೋರು ಏನಂತಾರೋ ಆಂಟಿ…”

“ಅನ್ಲಿ.”

ಅವನು ಹೋದ ಮೇಲೆ ನನಗೆ ಸಿಟ್ಟು ಬಂತು. ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ. “ನಾನ್ ಕೊಡದಿದ್ರೆ ಇನ್ಯಾರ ಹತ್ರನೋ ತರ್ತಾರೆ ಕಣೇ. ಅವನು ಕಟ್ಟಲ್ಲ” ಎಂದಳು.

ಹೋದ ಭಾನುವಾರ ಮಧ್ಯಾಹ್ನ ಅವಳ ಜೊತೆ ನಾನೂ ಹೋದೆ. ಡೀಸೆಲ್ ಗಾಡಿಯನ್ನು ಗುಂಡಣ್ಣನೇ ತಂದಿದ್ದರು. ಸೀತಾಲಕ್ಷ್ಮಿ ಬೆಲ್ಟುಗಳನ್ನು ಒಂದು ಬಟ್ಟೆಯ ಚೀಲದಲ್ಲಿ ಹೊತ್ತು ತಂದಿದ್ದಳು, ಜೊತೆಗೆ ಮನೆಯ ಹಳೆಯ ಪಂಚೆಗಳು. ಬಣ್ಣ ಕೀಳಬಾರದೆಂದು ಪಂಚೆಗಳನ್ನು ಮಡಿಸಿ ಮೂರ್ತಿಯ ಹೊಟ್ಟೆಗೂ ಮಂಡಿಗೂ ಇಟ್ಟಳು. ಅವು ತಿರುಮಲೇಶರವು, ಅಂಚಿನಿಂದ ಗುರುತು ಹಿಡಿದೆ. ಚಪ್ಪಲಿ ಬಿಟ್ಟು ಪ್ಯಾಲೆಟ್ಟಿನ ಮೇಲೆ ಹತ್ತಿ, ಬೆಲ್ಟನ್ನು ದೇವರ ಸುತ್ತ ಬಳಸಿ ತಂದಳು. ತಮಟೆಯವರು ನಿಲ್ಲಿಸಿದರು. ಪೆಂಡಾಲಿನ ಪಕ್ಕದಿಂದ ಒಬ್ಬ ಹಿರಿಯರು, “ದೇವ್ರನ್ನ ಕಳ್ಳನ್ ಕಟ್ದಂಗ್ ಕಟ್ತಾವ್ರಲ್ಲಪ್ಪಾ” ಎಂದರು. ಒಂದಿಬ್ಬರು ನಕ್ಕರು. ಅವಳು ತಿರುಗಿ ನೋಡಲಿಲ್ಲ. ಬೆಲ್ಟಿನ ಹಲ್ಲುಗಳನ್ನು ಟಕಟಕ ಎಂದು ಬಿಗಿದಳು. ಮುಖ ಬೆವತು ಬಿಳಿಚಿಕೊಂಡಿತ್ತು. ಸಾಕು ಬಾ, ಕೂತುಕೋ ಎಂದೆ. ಕೈಯಾಡಿಸಿ ಸುಮ್ಮನಿರಿಸಿದಳು. ಹಿಂದಕ್ಕೆ ವಾಲಿಸಿ ಎಂದು ಗುಂಡಣ್ಣನಿಗೆ ಹೇಳಿದಳು. ಅವರು ವಾಲಿಸಿದರು. ಎತ್ತರಕ್ಕೆ ಎತ್ತಬೇಡಿ ಎಂದಳು.

ಎದುರಿನ ತಮ್ಮ ಮನೆಯ ಗೇಟಿನಲ್ಲಿ ಸೊಣ್ಣಮ್ಮ ಬಂದು ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಸೀತಾಲಕ್ಷ್ಮಿ ಕೆಳಗಿಳಿದು ನೆಲದ ಮೇಲೆ ಕಾಲಿಟ್ಟಾಗ ಇಬ್ಬರೂ ಎದುರುಬದುರಾದರು.

“ಈಗ ಕಟ್ತಿದೀರಲ್ಲಾ ಅಮ್ಮಾ” ಎಂದರು ಸೊಣ್ಣಮ್ಮ.

“ಹೂಂ ಸೊಣ್ಣಮ್ಮ.”

ಸೊಣ್ಣಮ್ಮ ಸ್ವಲ್ಪ ಹೊತ್ತು ಬೆಲ್ಟನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸೀತಾಲಕ್ಷ್ಮಿ ಮುಚ್ಚಿದ ಬಾಗಿಲಿನ ಕಡೆ ನೋಡುತ್ತಾ ನಿಂತಿದ್ದಳು. ಗುಂಡಣ್ಣ ಗಾಡಿ ಸ್ಟಾರ್ಟ್ ಮಾಡಿದರು. ಅವಳು ಕೈಯೆತ್ತಿ ತಡೀರಿ ಎಂದಳು. ತಿರುಗಿ ಬಂದು, ಬೆಲ್ಟಿನ ತುದಿಯನ್ನು ಎರಡು ಕೈಯಲ್ಲೂ ಹಿಡಿದು, ಇನ್ನೊಂದು ಸಲ ಎಳೆದು ನೋಡಿದಳು.